ಅಶ್ಲೀಲ ಬೇರೆ, ಅವಹೇಳನ ಬೇರೆ: ‘ಝ್ಯಾಪ್’ ನಾಲ್ಕನೇ ಸಂಚಿಕೆಯ ಪ್ರಕರಣ

ಪುಸ್ತಕ ಒಂದೇ, ತಕರಾರು ಎರಡು. 1969ರಲ್ಲಿ ‘ಝ್ಯಾಪ್ ಕಾಮಿಕ್ಸ್’ ಎಂಬ ಅಗ್ಗದ ಪುಸ್ತಿಕೆಯ ನಾಲ್ಕನೇ ಸಂಚಿಕೆ ಹೊರಬಂದಾಗ ನ್ಯೂಯಾರ್ಕಿನ ಪೊಲೀಸರು ಗಿರಾಕಿಗಳಂತೆ ಅಂಗಡಿಗೆ ಹೋಗಿ ಅದನ್ನು ಕೊಂಡರು. ಮಾರಿದವರ ಮೇಲೆ ಅಶ್ಲೀಲತೆಯ ಮೊಕದ್ದಮೆ ಹೂಡಿದರು. ಹೆಚ್ಚು ಕಡಿಮೆ ಅದೇ ದಿನಗಳಲ್ಲಿ ಟ್ರಿನಾ ರಾಬಿನ್ಸ್ ಎಂಬ ಚಿತ್ರಕಾರ್ತಿ ಅದನ್ನು ತಂದ ಚಿತ್ರಕಾರರ ಬಳಗದ ಪುಸ್ತಕಗಳನ್ನು ಮುಂದಿಟ್ಟುಕೊಂಡು, ಹೆಣ್ಣಿನ ಮೇಲಿನ ಹಿಂಸೆಯಲ್ಲಿ ನಗುವಂಥದ್ದು ಏನಿದೆ ಎಂದು ಕೇಳತೊಡಗಿದ್ದರು. ಪೊಲೀಸರ ತಕರಾರಿಗೆ ನಾಲ್ಕೇ ವರ್ಷದಲ್ಲಿ ಮೇಲ್ಮನವಿಯೂ ಸೇರಿ ಎಲ್ಲ ತೀರ್ಪುಗಳೂ ಬಂದವು. ರಾಬಿನ್ಸ್ ತಮ್ಮ ಪ್ರಶ್ನೆಯನ್ನು 2024ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವವರೆಗೂ ಕೈಬಿಟ್ಟಿರಲಿಲ್ಲ.

ದೊಡ್ಡ ಪ್ರಕಾಶಕರ ಹಂಗಿಲ್ಲದೆ ಹೊರಬರುತ್ತಿದ್ದ ಇಂಥ ‘ಭೂಗತ’ ಕಾಮಿಕ್ಸ್‌ನ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಈ ಎರಡನ್ನೂ ‘ವಿರೋಧ’ ಎಂಬ ಒಂದೇ ಕಟ್ಟಿನಲ್ಲಿ ಕಟ್ಟಿಡುತ್ತಾರೆ. ನನಗೆ ಅದು ಸರಿಕಾಣುವುದಿಲ್ಲ. ಪೊಲೀಸರಿಗೆ ಕಂಡದ್ದೂ ರಾಬಿನ್ಸ್ ಅವರಿಗೆ ಕಂಡದ್ದೂ ಬೇರೆ ಬೇರೆ ಸಂಗತಿಗಳು. ಎರಡನ್ನೂ ಒಂದೇ ಎಂದು ಎಣಿಸಿದ್ದರಿಂದ ಯಾರ ಬಾಯಿ ಮುಚ್ಚಿತು, ಯಾರಿಗೆ ಅನುಕೂಲವಾಯಿತು ಎಂಬುದನ್ನು ಬಿಡಿಸಿ ನೋಡುವುದಕ್ಕೆ ಈ ಪ್ರಕರಣವನ್ನು ಆರಿಸಿಕೊಂಡಿದ್ದೇನೆ.

ಹಿನ್ನೆಲೆ, ಚುಟುಕಾಗಿ

1954ರಲ್ಲಿ ಅಮೆರಿಕದ ಸೆನೆಟ್ ಉಪಸಮಿತಿಯೊಂದು ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಿದ್ದಾರೆಯೇ ಎಂದು ವಿಚಾರಣೆ ನಡೆಸಿತು. ಕೆಡುತ್ತಿದ್ದಾರೆ ಎಂದು ಮನೋವೈದ್ಯ ಫ್ರೆಡ್ರಿಕ್ ವರ್ಥಾಮ್ ಸಾಕ್ಷಿ ನುಡಿದರು. ಸರ್ಕಾರ ಕಾನೂನು ತರುವ ಮೊದಲೇ ಪ್ರಕಾಶಕರು ತಮಗೆ ತಾವೇ ಮೂಗುದಾರ ಹಾಕಿಕೊಂಡರು. ಅದರ ಹೆಸರು ‘ಕಾಮಿಕ್ಸ್ ಕೋಡ್’. ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳ ಮೇಲೆ ಅಗೌರವ ಹುಟ್ಟುವಂತೆ ಚಿತ್ರಿಸಬಾರದು; ಯಾವ ಧರ್ಮವನ್ನೂ ಜನಾಂಗವನ್ನೂ ಗೇಲಿ ಮಾಡಬಾರದು; ಒಳ್ಳೆಯದೇ ಗೆಲ್ಲಬೇಕು. ಕೋಡ್‌ನ ಮುದ್ರೆಯಿಲ್ಲದ ಪುಸ್ತಕವನ್ನು ದೊಡ್ಡ ವಿತರಕರು ಮುಟ್ಟುತ್ತಿರಲಿಲ್ಲ.

ಈ ನಿಯಮಗಳನ್ನು ಒಂದೊಂದಾಗಿ ಮುರಿಯಲೆಂದೇ ಹುಟ್ಟಿದಂತಿತ್ತು ಭೂಗತ ಕಾಮಿಕ್ಸ್. ಇಂಗ್ಲಿಷಿನಲ್ಲಿ ಅವರು ಪದದ ಕೊನೆಗೆ ‘ಎಕ್ಸ್’ ಅಕ್ಷರ ಹಚ್ಚಿ ತಾವು ಬೇರೆ ಜಾತಿಯವರೆಂದು ಸಾರಿಕೊಂಡರು. ಕನ್ನಡ ಲಿಪಿಗೆ ಇಳಿಸಿದರೆ ಎರಡೂ ಒಂದೇ ಆಗಿಬಿಡುತ್ತವೆ, ಇರಲಿ. ಕ್ಲೀವ್‌ಲ್ಯಾಂಡ್‌ನ ಕಂಪನಿಯೊಂದರಲ್ಲಿ ಶುಭಾಶಯ ಪತ್ರಗಳಿಗೆ ಮುದ್ದು ಮುದ್ದಾದ ಚಿತ್ರ ಬರೆಯುತ್ತಿದ್ದ ರಾಬರ್ಟ್ ಕ್ರಂಬ್ 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದರು. 1968ರ ಫೆಬ್ರವರಿಯಲ್ಲಿ ಅವರ ‘ಝ್ಯಾಪ್’ ಮೊದಲ ಸಂಚಿಕೆ ಹೇಟ್ ಬೀದಿಯಲ್ಲಿ, ಕೂಸುಗಳನ್ನು ಕೂರಿಸುವ ತಳ್ಳುಗಾಡಿಯಲ್ಲಿ ಮಾರಾಟಕ್ಕೆ ಬಂತು. ಬಸುರಿಯಾಗಿದ್ದ ಹೆಂಡತಿಯೂ ಜೊತೆಗಿದ್ದರು. ಮುಖಪುಟದ ಮೇಲೆ ಒಂದು ಎಚ್ಚರಿಕೆ: ವಯಸ್ಕ ಬುದ್ಧಿಜೀವಿಗಳಿಗೆ ಮಾತ್ರ.

ಎರಡನೇ ಸಂಚಿಕೆಯಿಂದ ಬೇರೆಯವರು ಸೇರಿಕೊಂಡರು. ಎಸ್. ಕ್ಲೇ ವಿಲ್ಸನ್, ರಿಕ್ ಗ್ರಿಫಿನ್, ವಿಕ್ಟರ್ ಮೊಸ್ಕೊಸೊ, ಗಿಲ್ಬರ್ಟ್ ಶೆಲ್ಟನ್, ಸ್ಪೇನ್ ರಾಡ್ರಿಗಸ್, ರಾಬರ್ಟ್ ವಿಲಿಯಮ್ಸ್. ಕ್ರಂಬ್ ಸೇರಿ ಏಳು ಮಂದಿ, ಏಳೂ ಗಂಡಸರು. ಇವರಲ್ಲಿ ವಿಲ್ಸನ್ ಯಾವ ಹಿಂಸೆಗೂ, ಯಾವ ಹೇಸಿಗೆಗೂ ಹಿಂಜರಿಯದ ಕೈ. ಅದನ್ನು ಕಂಡ ಮೇಲೆ ತಾನು ತನ್ನೊಳಗೆ ಇಟ್ಟುಕೊಂಡಿದ್ದ ಕಾವಲುಗಾರನನ್ನು ಕೆಲಸದಿಂದ ತೆಗೆದುಹಾಕಿದೆ ಎಂಬ ಅರ್ಥದ ಮಾತನ್ನು ಕ್ರಂಬ್ ಹಲವು ಸಲ ಆಡಿದ್ದಾರೆ. ನಾಲ್ಕನೇ ಸಂಚಿಕೆ ಬರುವ ಹೊತ್ತಿಗೆ ಆ ಕಾವಲುಗಾರ ಊರು ಬಿಟ್ಟೇ ಹೋಗಿದ್ದ.

ಆರು ಪುಟದ ಕಥೆ

ಗಲಾಟೆಗೆ ಮುಖ್ಯ ಕಾರಣ ಆ ಸಂಚಿಕೆಯಲ್ಲಿದ್ದ ಕ್ರಂಬ್ ಅವರ ‘ಜೋ ಬ್ಲೋ’. ಆರೇ ಪುಟ. ಅಪ್ಪ, ಅಮ್ಮ, ಒಬ್ಬ ಮಗ, ಒಬ್ಬಳು ಮಗಳು. ಐವತ್ತರ ದಶಕದ ಟಿವಿ ಧಾರಾವಾಹಿಗಳಲ್ಲಿ ಬರುತ್ತಿದ್ದ ಮಾದರಿ ಕುಟುಂಬ: ಇಸ್ತ್ರಿ ಮಾಡಿದ ಬಟ್ಟೆ, ತಿದ್ದಿ ಬಾಚಿದ ಕೂದಲು, ಗುಡಿಸಿ ಒರೆಸಿಟ್ಟ ಮನೆ. ಮುಖದ ನಗು ಒಂದು ಚೌಕದಲ್ಲೂ ಮಾಸುವುದಿಲ್ಲ. ಆ ನಗುವನ್ನು ಹಾಗೇ ಇಟ್ಟುಕೊಂಡು ಕುಟುಂಬ ರಕ್ತಸಂಬಂಧದೊಳಗಿನ ಲೈಂಗಿಕತೆಗೆ ಇಳಿಯುತ್ತದೆ. ಕೊನೆಗೆ, ನಾಳಿನ ಲೋಕ ಕಟ್ಟುವವರು ಯುವಜನರೇ ಎಂಬ ಜಾಹೀರಾತಿನ ಧಾಟಿಯ ಹುರುಪಿನೊಂದಿಗೆ ಕಥೆ ಮುಗಿಯುತ್ತದೆ.

ವಿಡಂಬನೆ ಯಾವುದರ ಮೇಲೆ ಎಂಬುದು ಮೊದಲ ಪುಟದಲ್ಲಿ ಸ್ಪಷ್ಟವಾಗಿಯೇ ಇದೆ. ಇಡೀ ದೇಶ ತನ್ನ ಗೋಡೆಗೆ ನೇತುಹಾಕಿಕೊಂಡಿದ್ದ ಸುಖಸಂಸಾರದ ಕ್ಯಾಲೆಂಡರ್ ಚಿತ್ರವನ್ನು ಕ್ರಂಬ್ ಹರಿಯಲು ಹೊರಟಿದ್ದಾರೆ. ಹರಿಯುವ ವಿಧಾನದಲ್ಲಿ ಜಾಣ್ಮೆಯೂ ಇದೆ. ವಿಲ್ಸನ್ ಬರೆದಿದ್ದರೆ ಇದೇ ಕಥೆ ರಕ್ತ ಬೆವರುಗಳ ಗೊಂದಲವಾಗುತ್ತಿತ್ತು. ಕ್ರಂಬ್ ಬರೆದದ್ದು ಮಕ್ಕಳ ಪಠ್ಯಪುಸ್ತಕದ ಚಿತ್ರದಂತಿದೆ. ದುಂಡನೆಯ ಗೆರೆ, ಅಚ್ಚುಕಟ್ಟಾದ ಅಡ್ಡಗೀರು, ದೊಡ್ಡ ಪಾದದ ಬೂಟು. ಇಪ್ಪತ್ತು ಮೂವತ್ತರ ದಶಕದ ಪತ್ರಿಕಾ ಕಾಮಿಕ್ಸ್‌ನಿಂದ ಅವರು ಕಲಿತ ಈ ಶೈಲಿ ನೋಡುವವರಲ್ಲಿ ಹಳೆಯ ನಂಬಿಕೆಯೊಂದನ್ನು ಎಬ್ಬಿಸುತ್ತದೆ. ಇದು ನಿರಪಾಯದ ಲೋಕ, ಇಲ್ಲಿ ಯಾರಿಗೂ ಏನೂ ಆಗುವುದಿಲ್ಲ ಎಂಬ ನಂಬಿಕೆ. ಆ ನಂಬಿಕೆಯನ್ನೇ ಮೆಟ್ಟಿಲು ಮಾಡಿಕೊಂಡು ಕಥೆ ಒಳಗೆ ನುಗ್ಗುತ್ತದೆ.

ಮೊದಲ ಸಲ ಓದಿದಾಗ ನಾನು ಎರಡು ಪುಟದವರೆಗೆ ನಕ್ಕದ್ದು ನಿಜ. ಆಮೇಲೆ ನಗು ಬರಲಿಲ್ಲ. ಬೇಜಾರೂ ಅಲ್ಲದ ಇನ್ನೇನೋ ಬಂತು. ತಮಾಷೆ ಹೇಳುತ್ತಿದ್ದವನು ತಮಾಷೆಯನ್ನು ಮರೆತು ವಿವರದಲ್ಲೇ ಮುಳುಗಿಹೋದ ಹಾಗೆ. ‘ಮದರ್ ಜೋನ್ಸ್’ ಪತ್ರಿಕೆಯ ಸಂಪಾದಕಿಯಾಗಿದ್ದ ಡೀರ್‌ಡ್ರೆ ಇಂಗ್ಲಿಷ್ 1994ರಲ್ಲಿ ಬಂದ ‘ಕ್ರಂಬ್’ ಸಾಕ್ಷ್ಯಚಿತ್ರದಲ್ಲಿ ಹೇಳುವುದೂ ಹೆಚ್ಚು ಕಡಿಮೆ ಇದನ್ನೇ: ಮಧ್ಯಮವರ್ಗದ ಸೋಗಿನ ಮೇಲಿನ ವಿಡಂಬನೆಯಾಗಿ ಶುರುವಾಗುವ ಕಥೆ ನಡುವೆ ಎಲ್ಲೋ ದಾರಿ ಬದಲಿಸಿ ಬರೆಯುವವನ ಸ್ವಂತ ಚಪಲಕ್ಕೆ ತಿರುಗುತ್ತದೆ. ಅದೇ ಚಿತ್ರದಲ್ಲಿ ಕಲಾವಿಮರ್ಶಕ ರಾಬರ್ಟ್ ಹ್ಯೂಸ್ ಕ್ರಂಬ್ ಅವರನ್ನು ಇಪ್ಪತ್ತನೇ ಶತಮಾನದ ಬ್ರೂಗಲ್ (ಹದಿನಾರನೇ ಶತಮಾನದ ಹೆಸರಾಂತ ಯುರೋಪಿಯನ್ ಚಿತ್ರಕಾರ) ಎಂದು ಕರೆಯುತ್ತಾರೆ. ಇಬ್ಬರಲ್ಲಿ ಒಬ್ಬರನ್ನು ಸುಳ್ಳು ಮಾಡಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಗೆರೆ ಬ್ರೂಗಲ್‌ನಂಥದ್ದೇ, ಆ ಗೆರೆ ಆ ಪುಟದಲ್ಲಿ ಯಾವ ಕೆಲಸಕ್ಕೆ ದುಡಿಯುತ್ತಿದೆ ಎಂಬುದು ಬೇರೆ ವಿಚಾರ. ಕೈ ಪಳಗಿದಷ್ಟೂ ಪೆಟ್ಟು ಬಲವಾಗುತ್ತದೆ, ಅದು ಯಾರ ಬೆನ್ನಿಗೆ ಬಿದ್ದರೂ.

ನ್ಯಾಯಾಲಯ ಕೇಳಿದ್ದು

ನ್ಯೂಯಾರ್ಕಿನ ಕಟಕಟೆಯಲ್ಲಿ ನಿಂತವರು ಪುಸ್ತಕ ಮಾರಿದವರು. ಕ್ರಂಬ್ ಅಲ್ಲಿ ಆರೋಪಿಯಾಗಿರಲಿಲ್ಲ, ಪ್ರಕಾಶಕರೂ ಅಲ್ಲ. ಪುಸ್ತಕಕ್ಕೆ ಕಲಾಮೌಲ್ಯವಿದೆ, ಇದು ಸಾಮಾಜಿಕ ವಿಡಂಬನೆ ಎಂದು ತಜ್ಞರು ಸಾಕ್ಷಿ ಹೇಳಿದರು. ನ್ಯಾಯಾಧೀಶ ಜೋಯೆಲ್ ಟೈಲರ್ ಒಪ್ಪಲಿಲ್ಲ. 1970ರ ಅಕ್ಟೋಬರ್‌ನಲ್ಲಿ ಮಾರಿದವರು ತಪ್ಪಿತಸ್ಥರೆಂದು ತೀರ್ಪು ಕೊಟ್ಟರು. 1973ರಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಅಲ್ಲಿ ಚರ್ಚೆ ಮುಖ್ಯವಾಗಿ ನಡೆದದ್ದು ಕಲೆಯ ಮೇಲಲ್ಲ: ಅಂಗಡಿಯವನಿಗೆ ತಾನು ಮಾರುವ ಪುಸ್ತಕದೊಳಗೆ ಏನಿದೆ ಎಂಬುದು ಗೊತ್ತಿರುತ್ತದೆ ಎಂದು ಕಾನೂನು ಊಹಿಸಿಕೊಳ್ಳಬಹುದೇ ಎಂಬುದರ ಮೇಲೆ. ಇದೇ ಟೈಲರ್ ಮುಂದೆ ‘ಡೀಪ್ ಥ್ರೋಟ್’ ಚಲನಚಿತ್ರದ ಅಶ್ಲೀಲತೆಯ ಪ್ರಕರಣದಲ್ಲೂ ತೀರ್ಪು ಕೊಟ್ಟು ಹೆಸರಾದರು.

ಆಗಿನ ಕಾನೂನಿನ ಅಳತೆಗೋಲು ಹೀಗಿತ್ತು: ಕೃತಿ ಒಟ್ಟಾರೆಯಾಗಿ ಕಾಮಾಸಕ್ತಿಯನ್ನು ಕೆರಳಿಸುತ್ತದೆಯೇ, ಸಮಾಜದ ಮಾನದಂಡಕ್ಕೆ ಎದ್ದುಕಾಣುವಷ್ಟು ವಿರುದ್ಧವಾಗಿದೆಯೇ, ಸಾಮಾಜಿಕ ಮೌಲ್ಯವೇನಾದರೂ ಉಳಿದಿದೆಯೇ. 1973ರ ಜೂನ್‌ನಲ್ಲಿ ಮಿಲ್ಲರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು ಬದಲಿಸಿತು. ಸ್ಥಳೀಯ ಸಮುದಾಯದ ಮಾನದಂಡವೇ ಲೆಕ್ಕಕ್ಕೆ ಬರುತ್ತದೆ ಎಂದಿತು. ಒಂದೊಂದು ಊರಿಗೆ ಒಂದೊಂದು ಅಳತೆ ಎಂದಾದ ಮೇಲೆ ಸಣ್ಣ ಅಂಗಡಿಯವರು ಹೆದರಿದರು. ಭೂಗತ ಕಾಮಿಕ್ಸ್ ಮಾರಾಟ ಆ ವರ್ಷವೇ ನೆಲಕಚ್ಚಿತು. ಕಾಗದದ ಬೆಲೆ ಏರಿದ್ದು, ರಾಶಿ ರಾಶಿ ಕಳಪೆ ಪುಸ್ತಕಗಳು ಬಂದಿದ್ದು ಕೂಡ ಅದಕ್ಕೆ ಕಾರಣ. ಎಲ್ಲವನ್ನೂ ನ್ಯಾಯಾಲಯದ ತಲೆಗೆ ಕಟ್ಟುವುದು ಬೇಡ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗಬೇಕು. ನಮ್ಮ ಅಲಂಕಾರಶಾಸ್ತ್ರ ಅಶ್ಲೀಲವನ್ನು ಕಾವ್ಯದೋಷಗಳ ಪಟ್ಟಿಯಲ್ಲಿಟ್ಟು ಅದರಲ್ಲಿ ಮೂರು ಬಗೆ ಹೇಳುತ್ತದೆ: ವ್ರೀಡೆ, ಜುಗುಪ್ಸೆ, ಅಮಂಗಳ. ಕೇಳಿದವರಿಗೆ ನಾಚಿಕೆಯಾಗುವುದು, ಹೇಸಿಗೆಯಾಗುವುದು, ಕೇಡಿನ ನೆನಪಾಗುವುದು. ಕಾಲೇಜಿನಲ್ಲಿ ಬಾಯಿಪಾಠ ಮಾಡಿ ಮರೆತಿದ್ದ ಈ ವಿಂಗಡಣೆ ‘ಝ್ಯಾಪ್’ ಮೊಕದ್ದಮೆಯ ಬಗ್ಗೆ ಓದುವಾಗ ಥಟ್ಟನೆ ನೆನಪಾಯಿತು. ಮೂರೂ ಓದುಗನಿಗೆ ಆಗುವ ತೊಂದರೆಗಳು. ಚಿತ್ರದೊಳಗೆ ಇರುವವರಿಗೆ, ಆ ಚಿತ್ರ ಯಾರ ಹೆಸರಿನಲ್ಲಿ ಬರೆಯಲ್ಪಟ್ಟಿತೋ ಅವರಿಗೆ, ಏನಾಯಿತು ಎಂದು ಮೂರರಲ್ಲಿ ಒಂದೂ ವಿಚಾರಿಸುವುದಿಲ್ಲ. ಅಮೆರಿಕದ ಕಾನೂನೂ ವಿಚಾರಿಸಲಿಲ್ಲ. ಟೈಲರ್ ಅವರ ನ್ಯಾಯಾಲಯ ನೋಡಿದ್ದು ವ್ರೀಡೆಯನ್ನು, ಜುಗುಪ್ಸೆಯನ್ನು. ರಾಬಿನ್ಸ್ ಎತ್ತಿದ ತಕರಾರಿಗೆ ಬೇರೊಂದು ಹೆಸರು ಬೇಕು, ಕನ್ನಡದಲ್ಲಿ ಅದು ಸಿದ್ಧವಾಗಿಯೇ ಇದೆ: ಅವಹೇಳನ.

ರಾಬಿನ್ಸ್ ಮಾಡಿದ್ದು

ಟ್ರಿನಾ ರಾಬಿನ್ಸ್ ಹೊರಗಿನವರಾಗಿರಲಿಲ್ಲ. ನ್ಯೂಯಾರ್ಕಿನಲ್ಲಿ ತಾವೇ ಬಟ್ಟೆ ಹೊಲಿದು ಮಾರುತ್ತಿದ್ದವರು, ಅಲ್ಲಿನ ‘ಈಸ್ಟ್ ವಿಲೇಜ್ ಅದರ್’ ಎಂಬ ಭೂಗತ ಪತ್ರಿಕೆಗೆ ಕಾಮಿಕ್ಸ್ ಬರೆದವರು. ಕ್ರಂಬ್ ಬಳಗದವರೆಲ್ಲ ಪರಿಚಿತರೇ. ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ಮೇಲೆ ಗಂಡಸರು ಸೇರಿ ತರುತ್ತಿದ್ದ ಸಂಕಲನಗಳಿಗೆ ತಮ್ಮನ್ನು ಯಾರೂ ಕರೆಯುವುದಿಲ್ಲ ಎಂಬುದು ಅವರಿಗೆ ಗೊತ್ತಾಯಿತು. ಪುಟಗಳಲ್ಲಿ ಹೆಣ್ಣನ್ನು ಹೊಡೆಯುವುದು, ಕಡಿಯುವುದು, ಬಲಾತ್ಕಾರ ಮಾಡುವುದು ನಗೆಯ ಸರಕಾಗುತ್ತಿದ್ದುದನ್ನು ಎತ್ತಿ ಆಡಿದಾಗ ನಿನಗೆ ಹಾಸ್ಯಪ್ರಜ್ಞೆ ಇಲ್ಲ ಎಂದರಂತೆ. ಇದನ್ನು ಅವರು ಮುಂದಿನ ಐವತ್ತು ವರ್ಷ ಸಂದರ್ಶನಗಳಲ್ಲಿ ಹೇಳುತ್ತಲೇ ಬಂದರು, ಸ್ವಲ್ಪವೂ ಸಿಟ್ಟು ಇಳಿಯದೆ.

ಅವರಿದ್ದ ಇಕ್ಕಟ್ಟನ್ನು ಗಮನಿಸಬೇಕು. ‘ಝ್ಯಾಪ್’ ಮಾರಿದವರನ್ನು ಪೊಲೀಸರು ಕೋರ್ಟಿಗೆ ಎಳೆಯುತ್ತಿದ್ದ ಕಾಲ ಅದು. ಬರ್ಕ್‌ಲಿಯಲ್ಲಿ ಈ ಬಳಗದ ಮೂಲ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟ ಗ್ಯಾಲರಿಯವರ ಮೇಲೂ ಕೇಸು ಬಿತ್ತು. ಆ ಹೊತ್ತಿನಲ್ಲಿ ಇದು ಕೆಟ್ಟದಾಗಿದೆ ಎಂದು ಯಾರು ಬಾಯಿಬಿಟ್ಟರೂ ಅವರು ಪೊಲೀಸರ ಕಡೆಯವರು ಎನಿಸಿಕೊಳ್ಳುತ್ತಿದ್ದರು. ಕ್ರಂಬ್ ಅವರಿಗೆ ಒಂದು ರೀತಿಯಲ್ಲಿ ಈ ಮೊಕದ್ದಮೆಗಳೇ ರಕ್ಷಾಕವಚವಾದವು. ಸೆನ್ಸಾರ್ ಬೇಕೋ ಸ್ವಾತಂತ್ರ್ಯ ಬೇಕೋ ಎಂಬ ಎರಡೇ ಆಯ್ಕೆ ಇದ್ದ ಕಡೆ, ಚಿತ್ರ ಅಚ್ಚಾಗಲಿ ಆದರೆ ಅದು ಯಾರನ್ನು ತುಳಿದು ನಗುತ್ತಿದೆ ನೋಡಿ ಎನ್ನುವವರಿಗೆ ನಿಲ್ಲಲು ಜಾಗವೇ ಇರಲಿಲ್ಲ.

ರಾಬಿನ್ಸ್ ನಿಷೇಧ ಕೇಳಲಿಲ್ಲ, ಪುಸ್ತಕ ಮಾಡಿದರು. 1970ರ ಜುಲೈನಲ್ಲಿ ‘ಇಟ್ ಏಂಟ್ ಮಿ ಬೇಬ್ ಕಾಮಿಕ್ಸ್’ ಬಂತು. ಪೂರ್ತಿಯಾಗಿ ಹೆಂಗಸರೇ ಬರೆದ ಮೊದಲ ಅಮೆರಿಕನ್ ಕಾಮಿಕ್ಸ್ ಪುಸ್ತಕ ಎಂದು ಅದನ್ನು ಗುರುತಿಸುತ್ತಾರೆ. ಬರ್ಕ್‌ಲಿಯ ಅದೇ ಹೆಸರಿನ ಸ್ತ್ರೀವಾದಿ ಪತ್ರಿಕೆಯ ಹೆಂಗಸರು, ಜೊತೆಗೆ ವಿಲಿ ಮೆಂಡಿಸ್ ಮುಂತಾದ ಚಿತ್ರಕಾರ್ತಿಯರು ಕೈಜೋಡಿಸಿದ್ದರು. ಪ್ರಕಾಶಕರು ‘ಲಾಸ್ಟ್ ಗ್ಯಾಸ್ಪ್’ನ ರಾನ್ ಟರ್ನರ್. ಮುಖಪುಟದಲ್ಲಿ ಹಳೆಯ ಕಾಮಿಕ್ಸ್‌ಗಳ ಹೆಣ್ಣು ಪಾತ್ರಗಳಾದ ಆಲಿವ್ ಆಯ್ಲ್, ವಂಡರ್ ವುಮನ್, ಲಿಟಲ್ ಲುಲು, ಮೇರಿ ಮಾರ್ವೆಲ್, ಶೀನಾ ಮುಷ್ಟಿ ಎತ್ತಿ ಮೆರವಣಿಗೆ ಹೊರಟಿದ್ದಾರೆ. ಒಳಗಿನ ಒಂದು ಕಥೆಯಲ್ಲಿ ಡೈಸಿ ಡಕ್, ಪೆಟೂನಿಯಾ ಪಿಗ್, ಸೂಪರ್‌ಗರ್ಲ್ ಮುಂತಾದವರು ತಮ್ಮ ತಮ್ಮ ಕಾಮಿಕ್ಸ್‌ನ ಗಂಡುಗಳಿಗೆ ಬೆನ್ನು ತಿರುಗಿಸಿ ಹೊರನಡೆಯುತ್ತಾರೆ. ಕಥೆಯ ಚಿತ್ರ ಅಷ್ಟೇನೂ ಪಳಗಿದ್ದಲ್ಲ. ಕ್ರಂಬ್ ಅವರ ಒಂದು ಚೌಕದ ಪಕ್ಕದಲ್ಲಿಟ್ಟರೆ ಕೈ ನಡುಗುವುದು ಕಾಣುತ್ತದೆ. ಆದರೂ ಅದರಲ್ಲಿ ನಗು ಇದೆ. ಡೈಸಿ ಡಕ್ ಕೂಡ ಸಾಕಾಗಿ ಹೊರಟಳು ಎಂಬುದು ತಮಾಷೆಯೇ.

ಕ್ರಂಬ್ ಉತ್ತರ ಕೊಟ್ಟರು. 1971ರಲ್ಲಿ ತಮ್ಮ ಇನ್ನೊಂದು ಪುಸ್ತಕದಲ್ಲಿ ಸ್ತ್ರೀವಾದಿ ಹೆಂಗಸರಿಗೆ ಎರಡು ಮಾತು ಎಂಬ ಅರ್ಥದ ಶೀರ್ಷಿಕೆಯಡಿ ತಮ್ಮನ್ನೇ ಪಾತ್ರ ಮಾಡಿಕೊಂಡು ಓದುಗರ ಎದುರು ನಿಂತರು. ಶುರುವಿನಲ್ಲಿ ಬಲು ವಿನಯ. ನಿಮ್ಮ ಮಾತು ನ್ಯಾಯವೇ, ಆದರೆ ನನ್ನೊಳಗಿನ ರೋಷವನ್ನು ಕಾಗದದ ಮೇಲೆ ಹೊರಹಾಕಬಾರದೇ ಎಂಬ ವಾದ. ಕೊನೆಗೆ ವಿನಯ ಕಳಚಿ ಬೀಳುತ್ತದೆ, ಬೈಗುಳ ಬರುತ್ತದೆ, ಬೇಕಾದ್ದು ಬರೆಯುತ್ತೇನೆ ಎಂದು ಕಿರುಚುತ್ತಾರೆ. ಅಭಿಮಾನಿಗಳು ಇದನ್ನು ಪ್ರಾಮಾಣಿಕತೆ ಎಂದು ಮೆಚ್ಚುತ್ತಾರೆ. ಪ್ರಾಮಾಣಿಕವಾಗಿಯೇ ಇದೆ, ಬೇಡ ಎನ್ನಲಾರೆ. ತನ್ನ ಕೆಟ್ಟತನವನ್ನು ಇಷ್ಟು ನಿರ್ದಯವಾಗಿ ಬರೆದುಕೊಂಡ ಚಿತ್ರಕಾರರು ಕಡಿಮೆ. ಆದರೆ ಒಪ್ಪಿಕೊಂಡ ಮಾತ್ರಕ್ಕೆ ತಕರಾರು ಇತ್ಯರ್ಥವಾಗುವುದಿಲ್ಲ. ನಾನು ಹೀಗೆಯೇ ಎನ್ನುವುದು ತನ್ನ ಬಗೆಗಿನ ಮಾತು. ಕೇಳಿದ್ದು ನಗುವಿನ ಬಗ್ಗೆ.

ಉತ್ತರಕ್ಕೆ ಉತ್ತರ

1972ರ ನವೆಂಬರ್‌ನಲ್ಲಿ ‘ವಿಮೆನ್ಸ್ ಕಾಮಿಕ್ಸ್’ ಶುರುವಾಯಿತು. ಒಬ್ಬರೇ ಸಂಪಾದಕಿ ಬೇಡ ಎಂದು ಸಂಚಿಕೆಗೊಬ್ಬರಂತೆ ಸರದಿಯಲ್ಲಿ ನಡೆಸಿದರು. 1992ರವರೆಗೆ ಹದಿನೇಳು ಸಂಚಿಕೆ. ಗಂಡಸರ ಅನೇಕ ಭೂಗತ ಪತ್ರಿಕೆಗಳು ಅದಕ್ಕಿಂತ ಎಷ್ಟೋ ಮೊದಲು ಕಣ್ಮುಚ್ಚಿದ್ದವು.

ಮೊದಲ ಸಂಚಿಕೆಯಲ್ಲಿ ರಾಬಿನ್ಸ್ ಬರೆದ ‘ಸ್ಯಾಂಡಿ ಕಮ್ಸ್ ಔಟ್’ ತಾನು ಸಲಿಂಗಿ ಎಂದು ಕಂಡುಕೊಳ್ಳುವ ಯುವತಿಯೊಬ್ಬಳ ಕಥೆ. ನಿಜಜೀವನದ ಆ ಯುವತಿ ಬೇರಾರೂ ಅಲ್ಲ, ಕ್ರಂಬ್ ಅವರ ಒಡಹುಟ್ಟಿದವಳು. ವ್ಯಂಗ್ಯ ಇಲ್ಲಿಗೇ ನಿಲ್ಲಲಿಲ್ಲ. ಕಥೆಯನ್ನು ಓದಿದ ಮೇರಿ ವಿಂಗ್ಸ್ ಎಂಬ ಸಲಿಂಗಿ ಚಿತ್ರಕಾರ್ತಿಗೆ ಸಿಟ್ಟು ಬಂತು: ನಮ್ಮ ಬದುಕನ್ನು ಹೊರಗೆ ನಿಂತವಳೊಬ್ಬಳು ಇಷ್ಟು ಸಲೀಸಾಗಿ ಬರೆದು ಮುಗಿಸುವುದೇ? 1973ರಲ್ಲಿ ಅವರು ತಾವೇ ‘ಕಮ್ ಔಟ್ ಕಾಮಿಕ್ಸ್’ ಬರೆದು ಅಚ್ಚುಹಾಕಿಸಿದರು. ಕ್ರಂಬ್ ಅವರಿಗೆ ರಾಬಿನ್ಸ್ ಹೇಗೋ, ರಾಬಿನ್ಸ್ ಅವರಿಗೆ ವಿಂಗ್ಸ್ ಹಾಗೆ. ಯಾರೂ ಯಾರ ಪುಸ್ತಕವನ್ನೂ ಮುಟ್ಟುಗೋಲು ಹಾಕಿಸಲಿಲ್ಲ. ಈ ಸರಪಳಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಕೊಂಡಿ ಇದೇ.

‘ವಿಮೆನ್ಸ್ ಕಾಮಿಕ್ಸ್’ ಬಳಗದೊಳಗೂ ಜಗಳವಿತ್ತು. ಅಲೀನ್ ಕೊಮಿನ್‌ಸ್ಕಿ ಮೊದಲ ಸಂಚಿಕೆಯಲ್ಲೇ ತಮ್ಮನ್ನು ಕುರೂಪಿಯಾಗಿ, ಗೀಳು ಹಿಡಿದವಳಾಗಿ, ಬೇಕೆಂದೇ ಒರಟುಗೆರೆಯಲ್ಲಿ ಬರೆದುಕೊಂಡವರು. ಅವರಿಗೂ ಡಯಾನ್ ನೂಮಿನ್ ಅವರಿಗೂ ರಾಬಿನ್ಸ್ ಬಳಗದ ಚೆಲುವಾದ, ತಪ್ಪೇ ಮಾಡದ ವೀರನಾರಿಯರು ರುಚಿಸಲಿಲ್ಲ. ಹೊರಬಂದು 1976ರಲ್ಲಿ ‘ಟ್ವಿಸ್ಟೆಡ್ ಸಿಸ್ಟರ್ಸ್’ ತಂದರು. ಕೊಮಿನ್‌ಸ್ಕಿ 1978ರಲ್ಲಿ ಕ್ರಂಬ್ ಅವರನ್ನು ಮದುವೆಯಾದರು. ಜಗಳದಲ್ಲಿ ಆ ಸಂಬಂಧದ ಪಾಲು ಎಷ್ಟು, ಕಲೆಯ ಪಾಲು ಎಷ್ಟು ಎಂಬುದರಲ್ಲಿ ಎರಡು ಕಡೆಯವರ ನೆನಪುಗಳು ಕೂಡುವುದಿಲ್ಲ. ಒಂದಂತೂ ಸ್ಪಷ್ಟ. ಹೆಣ್ಣು ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವ ಕೊಮಿನ್‌ಸ್ಕಿಯವರ ಪುಟದಲ್ಲಿ ಕ್ರಂಬ್ ಪುಟದಷ್ಟೇ ಕೊಳಕು, ಅಷ್ಟೇ ಬೆತ್ತಲೆ ಇದೆ. ಅವಹೇಳನ ಇಲ್ಲ. ಬಯ್ಯುವವಳೂ ಬೈಸಿಕೊಳ್ಳುವವಳೂ ಒಬ್ಬಳೇ.

ಬಣ್ಣದ ವಿಷಯ

ರಾಬಿನ್ಸ್ ಕೇಳಿದ ಪ್ರಶ್ನೆ ಹೆಣ್ಣಿಗೆ ಮಾತ್ರ ಸಂಬಂಧಿಸಿದ್ದಾಗಿರಲಿಲ್ಲ. 1968ರ ‘ಝ್ಯಾಪ್’ ಎರಡನೇ ಸಂಚಿಕೆಯಲ್ಲಿ ಕ್ರಂಬ್ ಏಂಜಲ್‌ಫುಡ್ ಮೆಕ್‌ಸ್ಪೇಡ್ ಎಂಬ ಪಾತ್ರ ಸೃಷ್ಟಿಸಿದರು. ಕಪ್ಪು ಮೈ, ಉಬ್ಬಿದ ತುಟಿ, ಸೊಂಟಕ್ಕೆ ಹುಲ್ಲು. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದ ಹತ್ತೊಂಬತ್ತನೇ ಶತಮಾನದ ಮಿನ್‌ಸ್ಟ್ರೆಲ್ ಆಟಗಳಿಂದ ಹಿಡಿದು ಹಳೆಯ ಕಾರ್ಟೂನ್‌ಗಳವರೆಗೆ ಹರಿದುಬಂದ ಎಲ್ಲ ಕೆಟ್ಟ ಚಿತ್ರಗಳನ್ನೂ ಒಟ್ಟು ಮಾಡಿದಂತಿದೆ. ಕಥೆಯಲ್ಲಿ ಬಿಳಿ ಗಂಡಸರು ಆಕೆಯ ಹಿಂದೆ ಜೊಲ್ಲು ಸುರಿಸಿಕೊಂಡು ಓಡುತ್ತಾರೆ. ಬಿಳಿಯರ ಮನಸ್ಸಿನಲ್ಲಿ ಕೊಳೆಯುತ್ತಿರುವುದನ್ನು ಬಯಲಿಗೆ ಎಳೆದಿದ್ದೇನೆ ಎಂಬುದು ಕ್ರಂಬ್ ವಾದ.

ವಾದ ಪೊಳ್ಳಲ್ಲ. ಆದರೆ 1993ರಲ್ಲಿ ಅದಕ್ಕೆ ಒಂದು ಪರೀಕ್ಷೆ ಎದುರಾಯಿತು. ‘ವೀರ್ಡೋ’ ಎಂಬ ಕಾಮಿಕ್ಸ್ ಪತ್ರಿಕೆಯ ಕೊನೆಯ ಸಂಚಿಕೆಯಲ್ಲಿ ಕ್ರಂಬ್ ಎರಡು ಕಥೆ ಬರೆದರು: ಕಪ್ಪು ಜನ ಅಮೆರಿಕವನ್ನು ವಶಪಡಿಸಿಕೊಂಡರೆ, ಯಹೂದಿಗಳು ವಶಪಡಿಸಿಕೊಂಡರೆ ಎಂದು. ಜನಾಂಗದ್ವೇಷಿಯೊಬ್ಬನ ದುಃಸ್ವಪ್ನವನ್ನು ಅವನದೇ ದನಿಯಲ್ಲಿ, ಅವನದೇ ಬೈಗುಳದ ಶೀರ್ಷಿಕೆಯಲ್ಲಿ ಉಬ್ಬಿಸಿ ಬರೆದ ವಿಡಂಬನೆ ಎಂದು ಬಳಗದ ಓದುಗರು ಓದಿಕೊಂಡರು. ಬಿಳಿಯರ ಮೇಲ್ಮೆಯನ್ನು ಸಾರುವ ಪತ್ರಿಕೆಯೊಂದು ಆ ಪುಟಗಳನ್ನು ಎತ್ತಿ, ವಿಡಂಬನೆಯ ವಾಸನೆಯೂ ಹತ್ತದವರಂತೆ, ತನ್ನ ಪ್ರಚಾರಕ್ಕೆ ಮರುಮುದ್ರಿಸಿತು. ಗೆರೆಯಲ್ಲಿ ಒಂದನ್ನೂ ತಿದ್ದುವ ಅಗತ್ಯ ಅವರಿಗೆ ಬೀಳಲಿಲ್ಲ. ‘ವೀರ್ಡೋ’ದ ಪ್ರಕಾಶಕರೂ ‘ಲಾಸ್ಟ್ ಗ್ಯಾಸ್ಪ್’ನವರೇ, ಅಂದರೆ ರಾಬಿನ್ಸ್ ಅವರ ಮೊದಲ ಪುಸ್ತಕ ತಂದವರೇ.

ಕ್ರಂಬ್ ಅವರನ್ನು ಜನಾಂಗದ್ವೇಷಿ ಎಂದು ಕರೆಯಲು ನಾನು ಇದನ್ನು ಬಳಸಲಾರೆ. ನಾನು ನೋಡುವುದು ಪುಟದ ಕಸುಬನ್ನು. ವಿಡಂಬನೆಯಲ್ಲಿ ಹೇಳುವವನಿಗೂ ಹೇಳಿಸಿಕೊಳ್ಳುವ ಪಾತ್ರಕ್ಕೂ ನಡುವೆ ಎಲ್ಲಾದರೂ ಒಂದು ಬಿರುಕು ಕಾಣಬೇಕು. ಓದುಗ ಅದರೊಳಗಿಂದ ಇಣುಕಿ ನಗುತ್ತಾನೆ. ‘ಜೋ ಬ್ಲೋ’ದ ಮೊದಲ ಪುಟದಲ್ಲಿ ಆ ಬಿರುಕಿದೆ: ಮಾಸದ ನಗು. 1993ರ ಕಥೆಗಳಲ್ಲಿ ಬಿರುಕು ಪುಟದ ಮೇಲೆ ಇಲ್ಲ. ಇದು ಕ್ರಂಬ್ ಬರೆದದ್ದು, ಆದ್ದರಿಂದ ವಿಡಂಬನೆ ಎಂಬ ಓದುಗರ ತಿಳಿವಳಿಕೆಯಲ್ಲಿ ಮಾತ್ರ ಇದೆ. ಆ ತಿಳಿವಳಿಕೆ ಇಲ್ಲದವರ ಕೈಗೆ ಹೋದಾಗ ಪುಟ ಬೇರೆಯೇ ಆಯಿತು.

ಕಪ್ಪು ಚಿತ್ರಕಾರರು ಇದಕ್ಕೆ ಮೊದಲೇ ತಮ್ಮ ದಾರಿ ಹಿಡಿದಿದ್ದರು. ಲ್ಯಾರಿ ಫುಲ್ಲರ್ 1970ರಲ್ಲಿ ‘ಎಬನ್’ ತಂದರು, ರಿಚರ್ಡ್ ‘ಗ್ರಾಸ್’ ಗ್ರೀನ್ 1972ರಲ್ಲಿ ‘ಸೂಪರ್ ಸೋಲ್ ಕಾಮಿಕ್ಸ್’ ಬರೆದರು. ಇತಿಹಾಸದ ಪುಸ್ತಕಗಳಲ್ಲಿ ಇವರಿಗೆ ಸಿಗುವುದು ಒಂದೊಂದು ಸಾಲು. ನಾನೂ ಈಗ ಅಷ್ಟೇ ಕೊಟ್ಟಿದ್ದೇನೆ ಎಂಬುದು ಬರೆಯುವಾಗಲೇ ಚುಚ್ಚುತ್ತಿದೆ. 2018ರಲ್ಲಿ ಕಾಮಿಕ್ಸ್‌ಗೆ ಕೊಡುವ ಇಗ್ನಾಟ್ಜ್ ಪ್ರಶಸ್ತಿ ಸಮಾರಂಭದ ವೇದಿಕೆಯಿಂದ ಕಪ್ಪು ಚಿತ್ರಕಾರ ಬೆನ್ ಪಾಸ್‌ಮೋರ್ ಕ್ರಂಬ್ ಹೆಸರೆತ್ತಿ, ಒಂದು ಕಾಲಕ್ಕೆ ಇಂಥವರನ್ನು ಶ್ರೇಷ್ಠರೆಂದು ಕರೆಯುತ್ತಿದ್ದೆವು ಎಂಬರ್ಥದಲ್ಲಿ ಮಾತನಾಡಿದಾಗ ಸಭೆಯಲ್ಲಿ ಚಪ್ಪಾಳೆ ಬಿತ್ತು. ಆಮೇಲೆ ಹಿರಿಯ ಓದುಗರಿಂದ, ಇದು ಸೆನ್ಸಾರ್ ಮನೋಭಾವ ಎಂಬ ಗೊಣಗಾಟವೂ ಬಂತು. ಪಾಸ್‌ಮೋರ್ ಯಾವ ಪುಸ್ತಕವನ್ನೂ ನ್ಯಾಯಾಲಯಕ್ಕೆ ಎಳೆದಿರಲಿಲ್ಲ, ವೇದಿಕೆಯಲ್ಲಿ ನಿಂತು ತಮಗೆ ಅನ್ನಿಸಿದ್ದನ್ನು ಹೇಳಿದ್ದರು ಅಷ್ಟೇ. 1970ರಲ್ಲಿ ರಾಬಿನ್ಸ್ ಅವರಿಗೆ ಹಚ್ಚಿದ ಚೀಟಿಯನ್ನೇ ನಲವತ್ತೆಂಟು ವರ್ಷ ಕಳೆದ ಮೇಲೆ ಇವರಿಗೂ ಹಚ್ಚಿದರು. ಅಷ್ಟರಲ್ಲಿ ಕ್ರಂಬ್ ಚಿತ್ರಗಳು ಪ್ಯಾರಿಸ್ಸಿನ ಆಧುನಿಕ ಕಲಾ ಸಂಗ್ರಹಾಲಯದ ಗೋಡೆಗಳವರೆಗೆ ಹೋಗಿ ಬಂದಿದ್ದವು; ಪೊಲೀಸರ ಭಯ ಯಾವಾಗಲೋ ಮುಗಿದಿತ್ತು.

ಎರಡು ಅಳತೆ

ಅಶ್ಲೀಲತೆಯ ಕಾನೂನು ಅವಹೇಳನಕ್ಕೆ ಒಳಗಾದವರನ್ನು ಕಾಪಾಡುತ್ತದೆ ಎಂದು ಯಾರಾದರೂ ನಂಬಿದ್ದರೆ ಹೆಂಗಸರ ಪುಸ್ತಕಗಳಿಗೆ ಆದದ್ದನ್ನು ನೋಡಬೇಕು. ಲಿನ್ ಚೆವ್ಲಿ ಕ್ಯಾಲಿಫೋರ್ನಿಯಾದ ಲಗೂನಾ ಬೀಚ್‌ನಲ್ಲಿ ಪುಸ್ತಕದಂಗಡಿ ನಡೆಸುತ್ತಿದ್ದವರು. ಅವರೂ ಜಾಯ್ಸ್ ಫಾರ್ಮರ್ ಎಂಬ ಚಿತ್ರಕಾರ್ತಿಯೂ ‘ಝ್ಯಾಪ್’ ಓದಿ ಕೆರಳಿ, ಹೆಣ್ಣಿನ ಕಾಮವನ್ನು ಹೆಣ್ಣೇ ಬರೆದರೆ ಹೇಗಿರುತ್ತದೆ ನೋಡಿ ಎಂದು 1972ರಲ್ಲಿ ತಮ್ಮದೇ ಕಾಮಿಕ್ಸ್ ತಂದರು. ಮುಟ್ಟು, ಗರ್ಭನಿರೋಧಕ, ಹಾಸಿಗೆಯ ಎಡವಟ್ಟು, ಎಲ್ಲದರ ಮೇಲೂ ತಮಾಷೆ. 1973ರಲ್ಲಿ ಅದನ್ನು ಮಾರಿದ್ದಕ್ಕೆ, ಅಷ್ಟರಲ್ಲಿ ಬೇರೆಯವರ ಕೈಗೆ ಹೋಗಿದ್ದ ಅದೇ ಅಂಗಡಿಯವರನ್ನು ಪೊಲೀಸರು ಹಿಡಿದರು. ಪ್ರಕರಣ ಮುಂದೆ ಬಿದ್ದುಹೋಯಿತಾದರೂ ಬರೆದ ಹೆಂಗಸರಿಗೆ ಬಹುಕಾಲ ಬಂಧನದ ಹೆದರಿಕೆ ಇತ್ತು.

ಇನ್ನೊಂದು ಸಂಗತಿಯಲ್ಲಿ ಪೊಲೀಸರೂ ಇಲ್ಲ, ನ್ಯಾಯಾಧೀಶರೂ ಇಲ್ಲ. 1976ರಲ್ಲಿ ರಾಬಿನ್ಸ್ ‘ವೆಟ್ ಸ್ಯಾಟಿನ್’ ಎಂಬ ಪುಸ್ತಕ ಸಂಪಾದಿಸಿದರು. ಹೆಂಗಸರ ಕಾಮದ ಕಲ್ಪನೆಗಳನ್ನು ಹೆಂಗಸರೇ ಬರೆದ ಸಂಕಲನ. ಪ್ರಕಾಶಕರು ವಿಸ್ಕಾನ್ಸಿನ್‌ನ ‘ಕಿಚನ್ ಸಿಂಕ್’ನ ಡೆನಿಸ್ ಕಿಚನ್. ಅವರಿಗೆ ಅಚ್ಚು ಮಾಡಿಕೊಡುತ್ತಿದ್ದ ಮುದ್ರಕ ‘ಬಿಝಾರ್ ಸೆಕ್ಸ್’ ಎಂಬ ಗಂಡಸರ ಸಂಕಲನವನ್ನು ತಕರಾರಿಲ್ಲದೆ ಮುದ್ರಿಸುತ್ತಿದ್ದವನು. ‘ವೆಟ್ ಸ್ಯಾಟಿನ್’ ಮುದ್ರಿಸಲಾರೆ ಎಂದ. ಯಾಕೆ ಎಂದು ವಿಚಾರಿಸಿದಾಗ ಸಿಕ್ಕ ವಿವರಣೆಯನ್ನು ರಾಬಿನ್ಸ್ ಆಮೇಲೆ ಎಷ್ಟೋ ಸಲ ಹೇಳಿದ್ದಾರೆ: ಗಂಡಸರ ಪುಸ್ತಕ ವಿಡಂಬನೆಯಂತೆ, ಹೆಂಗಸರದ್ದು ಗಂಭೀರವಂತೆ.

ಪುಟಗಳನ್ನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೇರೊಬ್ಬ ಮುದ್ರಕನಿಗೆ ಕೊಟ್ಟರು. ಪುಸ್ತಕ ಬಂತು.